ಕಾರವಾರದ ಕಡಲ ತಡಿಯಲ್ಲಿ

ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತ ಪಾಠ ಹೇಳಿದ ನಾವು ರಘುವಂಶದ 13ನೆಯ ಸರ್ಗದ ಶ್ಲೋಕಗಳಿಗೆ ಬಂದಾಗಲೆಲ್ಲ ಮನಸ್ಸಿನಲ್ಲಿಯೇ ನಾಚುತ್ತಿದ್ದೆವು. ಪುಷ್ಪಕವಿಮಾನದಲ್ಲಿ ಕುಳಿತ ಶ್ರೀರಾಮನು ಸೀತಾದೇವಿಗೆ ಸಮುದ್ರವನ್ನು ತೋರಿಸಿ ವರ್ಣಿಸುವ ಭಾಗವದು. ವಿವರಿಸುವ ಗುರುವೂ ಸಮುದ್ರವನ್ನು ಕಂಡವನಲ್ಲ. ಕೇಳುವ ಮಕ್ಕಳೂ ಕಂಡವರಲ್ಲ. ಬಸವನ ಬಾಗೇವಾಡಿಯ ಎರೆಹೊಲದಲ್ಲಿ ನಿಂತವನಿಗೆ ಅಲೆಯೆಂದರೆ ಗಾಳಿಗೆ ಬಾಗುವ ಜೋಳದ ತೆನೆಯೇ. ನಿವೃತ್ತಿಯಾದ ಮೇಲೆ ಈ ಕೊರತೆಯನ್ನು ನೀಗಬೇಕೆಂದು ನಿಶ್ಚಯಿಸಿ, ಕಳೆದ ಮಾಘಮಾಸದಲ್ಲಿ ನಾವೂ ನಮ್ಮ ಮನೆಯವರೂ ರೊಟ್ಟಿಬುತ್ತಿ ಕಟ್ಟಿಕೊಂಡು ಕಾರವಾರಕ್ಕೆ ಹೊರಟೆವು.

ಕಾರವಾರವೆಂದರೆ ಬಹುದೂರದ ಪರದೇಶವೆಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ವಾಸ್ತವವು ಹಾಗಲ್ಲ. ವಿಜಯಪುರದಿಂದ ಬಂದು, ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿಯ ಮೇಲೆ ಹಾಯ್ದು ಅಂಕೋಲೆಯನ್ನು ಮುಟ್ಟುವ 52ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ಬಾಗಿಲ ಮುಂದಿನದೇ ಸರಿ. ವಿಜಯಪುರದಿಂದ ಹುಬ್ಬಳ್ಳಿ ಸುಮಾರು 200 ಕಿಲೋಮೀಟರು. ಅಲ್ಲಿಂದ ಅಂಕೋಲೆ ಸುಮಾರು 130. ಮುಂದೆ ಕಾರವಾರ ಸುಮಾರು 35. ಇಂಡಿ, ಸಿಂದಗಿಯವರು ವಿಜಯಪುರದ ಮೇಲೆ, ಮುದ್ದೇಬಿಹಾಳದವರು ನಿಡಗುಂದಿ, ಬಾಗಲಕೋಟೆಗಳ ಮೇಲೆ ಹುಬ್ಬಳ್ಳಿಯನ್ನು ಸೇರಬಹುದು. ರೈಲು ಬೇಕೆಂಬವರಿಗೆ ಇಂಡಿ ರೋಡ, ವಿಜಯಪುರ, ಬಸವನ ಬಾಗೇವಾಡಿ ರೋಡ, ಆಲಮಟ್ಟಿಗಳೆಲ್ಲ ಗದಗಿನ ಹಾದಿಯಲ್ಲಿಯೇ ಇವೆ. ಆದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ನೇರವಾದ ಹಳಿಯಿಲ್ಲ. ಅದರ ಮಾತು ದಶಕಗಳಿಂದ ನಡೆದಿದ್ದರೂ ಸಹ್ಯಾದ್ರಿಯ ಅರಣ್ಯವನ್ನು ಕಡಿಯಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ತೊಡಕಿಕೊಂಡಿದೆ. ರೈಲಿನಲ್ಲಿಯೇ ಹೋಗಬೇಕೆಂಬವರು ಲೋಂಡಾ, ಕ್ಯಾಸಲ್‌ರಾಕ್‌ಗಳ ಘಟ್ಟವಿಳಿದು ಗೋವೆಯ ಮಡಗಾಂವಕ್ಕೆ ಹೋಗಿ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲನ್ನು ಹಿಡಿದು ದಕ್ಷಿಣಕ್ಕೆ ಬರಬೇಕು. ನಾವು ಬಸ್ಸನ್ನೇ ನೆಚ್ಚಿದೆವು.

ಕೊಲ್ಹಾರದಲ್ಲಿ ಮಡಕೆಯ ಮೊಸರನ್ನು ಕೊಂಡು ಮುಂದೆ ಸಾಗಿ, ಬಸ್ಸು ಉದ್ದವಾದ ಸೇತುವೆಯ ಮೇಲೆ ಬಂದಾಗ ನಮ್ಮ ಮನೆಯವರು ಮಾತು ನಿಲ್ಲಿಸಿ ನೀರಿಗೆ ಕೈಮುಗಿದರು. ಅವರ ತವರೂರು ಆ ನೀರಿನಡಿಯಲ್ಲಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು ಎದ್ದು ನಿಂತ ಮೇಲೆ ಹಿನ್ನೀರು ಹಳೆಯ ಕೊಲ್ಹಾರವನ್ನೂ ಕೃಷ್ಣಾತೀರದ ಅನೇಕ ಹಳ್ಳಿಗಳನ್ನೂ ತುಂಬಿಕೊಂಡಿತು. ಅದೇ ನೀರು ಇಂದು ಒಣನೆಲವನ್ನು ಹಸುರು ಮಾಡಿದೆ. ನಮ್ಮ ಹೊಲಕ್ಕೂ ಕಾಲುವೆ ಬಂದಿದೆ. ಮಾವನವರ ಮನೆಯ ಕಟ್ಟೆ, ಬಾವಿ, ಬೇವಿನ ಮರಗಳು ಮಾತ್ರ ಮರಳಿ ಬರುವಂತಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಹೆಚ್ಚು ಮಾತನಾಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ ಬೆಳಿಗ್ಗೆ ಹೊರಟೆವು. ಯಲ್ಲಾಪುರವನ್ನು ದಾಟಿದ ಮೇಲೆ ಅರಬೈಲು ಘಟ್ಟದಲ್ಲಿ ದಾರಿಯು ಸುತ್ತಿ ಸುತ್ತಿ ಇಳಿಯುತ್ತದೆ. ಬಯಲುನಾಡಿನ ಕಣ್ಣಿಗೆ ಆ ದಟ್ಟವಾದ ಕಾಡೇ ಒಂದು ಸಮುದ್ರವಾಗಿ ತೋರಿತು. ಅಂಕೋಲೆಯಿಂದ ಉತ್ತರಕ್ಕೆ ತಿರುಗಿ ಮಧ್ಯಾಹ್ನದ ಹೊತ್ತಿಗೆ ಕಾರವಾರವನ್ನು ಮುಟ್ಟಿದೆವು.

ಈ ಊರಿನ ಪೂರ್ವೇತಿಹಾಸದಲ್ಲಿ ನಮ್ಮ ನಾಡಿನ ಪಾಲು ಎಷ್ಟೆಂಬುದನ್ನು ವಾಚಕರು ಅರಿಯತಕ್ಕದ್ದು. 1638ರಲ್ಲಿ ಕೋರ್ಟೀನನ ವ್ಯಾಪಾರಿ ಸಂಘದ ಇಂಗ್ಲಿಷರು ಇಲ್ಲಿ ಕೋಠಿಯನ್ನು ತೆರೆದಾಗ ಈ ಬಂದರವು ವಿಜಯಪುರದ ಆದಿಲಶಾಹಿಗೆ ಸೇರಿದ್ದಿತು. ಘಟ್ಟದ ಮೆಣಸು, ಏಲಕ್ಕಿಗಳೊಡನೆ ಹುಬ್ಬಳ್ಳಿಯ ಕಡೆಯ ನೇಕಾರರು ನೆಯ್ದ ತೆಳುವಸ್ತ್ರವೂ ಇಲ್ಲಿಂದ ಹಡಗನ್ನೇರುತ್ತಿತ್ತು. ಸಂಪತ್ತಿದ್ದಲ್ಲಿ ದಂಡು ಬರುವುದು ಸಹಜವಷ್ಟೆ. 1665ರಲ್ಲಿ ಶಿವಾಜಿ ಮಹಾರಾಜರು ಬಂದು ಊರಿನಿಂದ ಕಾಣಿಕೆಯನ್ನೆತ್ತಿದರು. ಮುಂದೆ ಸೋದೆಯ ಅರಸರು ಕಾಳಿನದಿಯ ಬಾಯಲ್ಲಿ ಸದಾಶಿವಗಡವನ್ನು ಕಟ್ಟಿದರು. ಪೋರ್ತುಗೀಜರು, ಹೈದರಾಲಿ, ಕೊನೆಗೆ ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಅದನ್ನು ಕೈವಶ ಮಾಡಿಕೊಂಡರು.

ಇದಕ್ಕಿಂತಲೂ ಕುತೂಹಲಕರವಾದುದು ಅರಳೆಯ ಕಥೆ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯಿಲ್ಲದಂತಾಯಿತು. ಗಿರಣಿಯವರ ಕಣ್ಣು ಧಾರವಾಡ ಸೀಮೆಯ ಎರೆನೆಲದ ಹತ್ತಿಯ ಮೇಲೆ ಬಿದ್ದಿತು. ಅದನ್ನು ಹಡಗಿಗೇರಿಸಲು ಹತ್ತಿರದ ಬಂದರವು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಕೂಡಿಸಿದುದಕ್ಕೆ ಈ ಅರಳೆಯ ವ್ಯಾಪಾರವೇ ಮುಖ್ಯ ಕಾರಣ. ಅಂದಿನಿಂದ 1956ರವರೆಗೆ ನಮ್ಮ ಜಿಲ್ಲೆಯೂ ಆ ಜಿಲ್ಲೆಯೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಬಂದರವು ಬೆಳೆಯಬೇಕಾದ ಕಾಲಕ್ಕೆ ರೈಲು ಮಾತ್ರ ಇತ್ತ ಬಾರದೆ ಗೋವೆಯ ಮರ್ಮಗೋವೆಗೆ ಹೋಯಿತು. ವ್ಯಾಪಾರವೂ ಅದರ ಬೆನ್ನು ಹಿಡಿಯಿತು. ಕಾರವಾರವು ಜಿಲ್ಲೆಯ ಕಚೇರಿಗಳ ಶಾಂತವಾದ ಊರಾಗಿ ಉಳಿಯಿತು. ಒಂದು ಹಳಿಯು ಎತ್ತ ತಿರುಗಿತೆಂಬುದರ ಮೇಲೆ ಊರಿನ ಭಾಗ್ಯವು ನಿಲ್ಲುವುದುಂಟು.

ಆ ಶಾಂತತೆಯಿಂದ ಸಾಹಿತ್ಯಕ್ಕೆ ಲಾಭವಾಯಿತೆನ್ನಬೇಕು. ಐ.ಸಿ.ಎಸ್. ಪದವಿಯನ್ನು ಪಡೆದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅವರ ತಮ್ಮಂದಿರಾದ ರವೀಂದ್ರನಾಥರು ಅಣ್ಣನ ಮನೆಗೆ ಬಂದು ತಂಗಿ, ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಇಲ್ಲಿಯೇ ಬರೆದರು. ಊರ ಕಡಲತೀರಕ್ಕೆ ಈಗ ಅವರದೇ ಹೆಸರು.

ಮರುದಿನ ಮುಂಜಾನೆ ಸದಾಶಿವಗಡವನ್ನೇರಿದೆವು. ಜೋಯಿಡಾ ಸೀಮೆಯ ಕಾಡಿನಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಬಂದ ಕಾಳಿಯು ಸಮುದ್ರದಲ್ಲಿ ಸೇರುವುದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿಯು ನದಿಗೆ ಬಿದ್ದುದನ್ನೂ ಅದರ ಚಾಲಕನು ಬದುಕಿ ಬಂದುದನ್ನೂ ವಾಚಕರು ಓದಿರಬಹುದು.

ಸಂಜೆ ತೀರಕ್ಕೆ ಬಂದೆವು. ನಮ್ಮ ಮನೆಯವರು ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ನೀರಿನಂಚಿನಲ್ಲಿ ಬಹಳ ಹೊತ್ತು ಸುಮ್ಮನೆ ನಿಂತರು. ನಾವು ಕಾಳಿದಾಸನ ವರ್ಣನೆಯನ್ನು ಆರಂಭಿಸಬೇಕೆಂದಿದ್ದೆವು. ಅಷ್ಟರಲ್ಲಿ ಅವರು, “ರೀ, ಈ ನೀರಿನ ಬುಡಕ ಯಾರ ಊರೂ ಇಲ್ಲಲ್ಲ?” ಎಂದು ಕೇಳಿದರು. ನಮ್ಮ ಶ್ಲೋಕವು ಗಂಟಲಲ್ಲಿಯೇ ಉಳಿಯಿತು.

ಹತ್ತಿರದಲ್ಲಿ ಬಲೆಯ ಹರಕನ್ನು ಹೊಲಿಯುತ್ತಿದ್ದ ಮುದುಕನೊಬ್ಬನು ಈ ಮಾತನ್ನು ಕೇಳಿ ತಲೆಯೆತ್ತಿದನು. ಕಾರವಾರದ ದಕ್ಷಿಣಕ್ಕೆ ಅಂಕೋಲೆಯ ದಿಕ್ಕಿನಲ್ಲಿ ಹಬ್ಬಿರುವ ನೌಕಾನೆಲೆಗಾಗಿ ತನ್ನ ಊರನ್ನು ಬಿಟ್ಟವನು ಅವನು. ಆ ನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರು; 2005ರಲ್ಲಿ ಅದು ‘ಕದಂಬ’ವೆಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಸಾವಿರಾರು ಕುಟುಂಬಗಳು ಮನೆಗಳನ್ನೂ ದೋಣಿ ಎಳೆದಿಡುವ ತೀರವನ್ನೂ ತೆರವು ಮಾಡಿಕೊಟ್ಟವು.

“ನಮ್ಮ ನೆಲ ಅಲ್ಲೇ ಉಂಟಮ್ಮ. ನಾವು ಹೋಗುವ ಹಾಗಿಲ್ಲ,” ಎಂದನು ಮುದುಕ.

“ನಮ್ದು ಹಂಗಲ್ಲೋ ಯಣ್ಣಾ. ನಾವು ಹೋಗಬಹುದು, ಊರs ಇಲ್ಲ,” ಎಂದರು ಇವರು.

ಇಬ್ಬರೂ ಮೆಲ್ಲಗೆ ನಕ್ಕರು. ಬಳಿಕ ಮರಳಿನ ಮೇಲೆ ಕುಳಿತು, ಹೊಸ ಊರಿನಲ್ಲಿ ದೇವರನ್ನು ಎಲ್ಲಿ ಸ್ಥಾಪಿಸಿದಿರಿ, ಹಳೆಯ ನೆರೆಯವರು ಜೊತೆಗಿದ್ದಾರೆಯೇ, ಪರಿಹಾರದ ಹಣ ಎಷ್ಟು ದಿನ ಉಳಿಯಿತು ಎಂದು ಕತ್ತಲಾಗುವವರೆಗೆ ಮಾತನಾಡಿದರು. ದೇಶಕ್ಕೆ ನೀರೂ ಬೇಕು, ರಕ್ಷಣೆಯೂ ಬೇಕು. ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕಾಲುವೆಯ ನೀರುಂಡ ನಾವು, ಊರು ಬಿಟ್ಟುಕೊಟ್ಟವರೊಡನೆ ಹೀಗೆ ಕುಳಿತು ಒಂದು ಸಂಜೆಯಾದರೂ ಕೇಳಿದ್ದೆವೇ? ಒಂದೇ ಮನೆಯಲ್ಲಿದ್ದು ನಾವು ಕೇಳದ ಪ್ರಶ್ನೆಗಳನ್ನು ಆ ಅಪರಿಚಿತನು ಕೇಳಿದನು.

ಹೋಗುವವರಿಗೆ ಎರಡು ಮಾತು. ಮಳೆಗಾಲವನ್ನು ಬಿಟ್ಟು, ಕಾರ್ತಿಕದಿಂದ ಮಾಘದೊಳಗೆ ಹೋಗಿರಿ. ಮಳೆಯಲ್ಲಿ ಘಟ್ಟದ ದಾರಿಯೂ ಕಡಲೂ ಎರಡೂ ಅಪಾಯಕರ. ದ್ವೀಪಗಳಿಗೆ ದೋಣಿಯಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ಟನ್ನು ಧರಿಸದೆ ಕಾಲಿಡಬೇಡಿರಿ, ಜನ ಹೆಚ್ಚಾದ ದೋಣಿಯನ್ನು ಬಿಟ್ಟುಬಿಡಿರಿ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಜನರು ಮಡಿದರು. ಹೊಳೆಯಲ್ಲಿ ಈಜಿದವನಿಗೂ ಕಡಲು ಹೊಸದೇ.

ಮರಳುವಾಗ ಕೊಲ್ಹಾರದ ಸೇತುವೆಯ ಮೇಲೆ ನಮ್ಮ ಮನೆಯವರು ಎಂದಿನಂತೆ ಕೈಮುಗಿದರು. ಈ ಸಲ ನಾವೂ ಮುಗಿದೆವು. ಬಳಿಕ, ಅವರ ತವರುಮನೆಯ ಬಾವಿಯು ಯಾವ ದಿಕ್ಕಿಗಿತ್ತೆಂದು ಕೇಳಿದೆವು. ಬಾಗೇವಾಡಿ ಬರುವವರೆಗೂ ಅವರು ಹೇಳುತ್ತಲೇ ಇದ್ದರು.