ಉಗುರಿಗೂ ಓಗೊಡುತ್ತಿದ್ದ ಪರದೆ

ಇವತ್ತಿಗೂ ನನ್ನ ಮೆಚ್ಚಿನ ಟಚ್ ಫೋನ್ ಅಂದರೆ ನೋಕಿಯಾ 5800. 2008ರ ಕೊನೆಗೆ ಹೊರಬಂದದ್ದು, 3.2 ಇಂಚಿನ ಪರದೆ. ಒತ್ತಿದ ಕಡೆ ಪರದೆಯ ಎರಡು ಪದರ ಕೂಡಿದರೆ ಸಾಕು, ಕೆಲಸ ಆಗುತ್ತಿತ್ತು. ಉಗುರು, ಕಡ್ಡಿ ಯಾವುದಾದರೂ ನಡೆಯುತ್ತಿತ್ತು. ಸಿಂಧನೂರು ಸೀಮೆಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಕೆಸರುಗೈಗೆ ಇದೆಷ್ಟು ಅನುಕೂಲ!

2007ರ ಐಪಾಡ್ ಟಚ್ ಬೆಣ್ಣೆಯಂತೆ ಸರಿಯುತ್ತಿತ್ತು, ನಿಜ. ಆದರೆ ಅದಕ್ಕೆ ಬರಿಬೆರಳೇ ಬೇಕು, ಮೆಮೊರಿ ಕಾರ್ಡ್ ಹಾಕಲು ಜಾಗವೂ ಇಲ್ಲ. ನಮ್ಮ ಕಡೆ ಹಾಡು ಬರುತ್ತಿದ್ದುದೇ ಕಾರ್ಡಿನಲ್ಲಿ. ಮೊಬೈಲ್ ಅಂಗಡಿಗೆ ಕಾರ್ಡ್ ಕೊಟ್ಟು ಜನಪದ, ತತ್ವಪದ, ರಾಜಕುಮಾರ್ ಹಾಡು ತುಂಬಿಸಿಕೊಂಡರೆ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವತನಕ ಬಸ್ಸಿನಲ್ಲಿ ಬೇಸರವೇ ಇಲ್ಲ.

ಆಗಿನ ಟಚ್ ಫೋನುಗಳಲ್ಲಿ ದೊಡ್ಡ ಕೊರತೆ ಕನ್ನಡದ್ದು. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು. 2012ರಲ್ಲಿ ಆಂಡ್ರಾಯ್ಡಿನ ಜೆಲ್ಲಿ ಬೀನ್ ಆವೃತ್ತಿ ಬಂದಮೇಲೆ ಅಕ್ಷರಗಳು ಕಂಡವು. ಆ ಖುಷಿಯೇ ಬೇರೆ.

ಅಂಥ ಹಳೇ ಫೋನ್ ನಿಮ್ಮ ಮನೆಯಲ್ಲಿದ್ದರೆ ಬಿಸಾಡಬೇಡಿ. ಬ್ಯಾಟರಿ ಉಬ್ಬಿದ್ದರೆ ಮೊದಲು ತೆಗೆದಿಡಿ. ಕಾರ್ಡಿನಲ್ಲಿರುವ ಹಾಡು, ಫೋಟೋಗಳನ್ನು ಈಗಲೇ ಕಾಪಿ ಮಾಡಿಕೊಳ್ಳಿ.