ನೆಲ ಕೊರೆದು ಹೋದವನು

ಬಸ್ಟರ್ ಕೀಟನ್ ಅವರ ಮೂಕಿ ಚಿತ್ರಗಳಲ್ಲಿ ನನಗೆ ಬಲು ಪ್ರಿಯವಾದದ್ದು 1921ರ ‘ಹಾರ್ಡ್ ಲಕ್’. ಎಡ್ಡಿ ಕ್ಲೈನ್ ಜೊತೆ ಸೇರಿ ಅವರು ಬರೆದು ನಿರ್ದೇಶಿಸಿದ, ಎರಡೇ ರೀಲಿನ ಚಿತ್ರ. ಕೆಲಸ ಕಳೆದುಕೊಂಡು ಬದುಕೇ ಬೇಡವೆನಿಸಿದ ಬಡಪಾಯಿಯೊಬ್ಬ ಸಾವನ್ನು ಹುಡುಕಿಕೊಂಡು ಹೊರಡುತ್ತಾನೆ. ಸಾವೋ, ಅವನನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಕತ್ತಲಲ್ಲಿ ಎರಡು ದೀಪ ಉರಿಸಿಕೊಂಡು ಬರುವ ಕಾರಿಗೆ ಅಡ್ಡ ನಿಂತರೆ, ಅದು ಕಾರಲ್ಲ, ಜೋಡಿ ಮೋಟಾರ್‌ಸೈಕಲ್. ಅವನ ಅತ್ತಲೊಂದು ಇತ್ತಲೊಂದು ಹಾದುಹೋಗುತ್ತವೆ. ವಿಷವೆಂದು ಚೀಟಿ ಅಂಟಿಸಿದ ಬಾಟಲಿ ಎತ್ತಿ ಕುಡಿದರೆ ಒಳಗಿರುವುದು ವಿಸ್ಕಿ! ಅಮೆರಿಕದ ಪಾನನಿಷೇಧದ ಕಾಲ. ವೇಟರ್ ಬಚ್ಚಿಟ್ಟ ಮಾಲು ಅದು. ಆ ಅಮಲಿನಲ್ಲೇ ಆರ್ಮಡಿಲ್ಲೊ ಎಂಬ ಪ್ರಾಣಿಯನ್ನು ಹಿಡಿದು ತರುತ್ತೇನೆಂದು ಹೊರಡುತ್ತಾನೆ. ಇಷ್ಟಾದರೂ ಮುಖದ ಒಂದು ಗೆರೆಯೂ ಅಲುಗುವುದಿಲ್ಲ.

ಪುಂಡರಿಂದ ಪಾರುಮಾಡಿದ ಹುಡುಗಿಗೂ ಬೇರೊಬ್ಬನಿದ್ದಾನೆಂದು ತಿಳಿದಾಗ, ಕ್ಲಬ್ಬೊಂದರ ಈಜುಕೊಳದ ಬಳಿಯ ಎತ್ತರದ ಹಲಗೆ ಹತ್ತಿ ಧುಮುಕುತ್ತಾನೆ. ಗುರಿ ತಪ್ಪುತ್ತದೆ. ನೀರು ಬಿಟ್ಟು ನೆಲಕ್ಕೆ ಬಿದ್ದವನು ತೂತು ಕೊರೆದುಕೊಂಡು ಪಾತಾಳಕ್ಕೇ ಇಳಿದುಬಿಡುತ್ತಾನೆ. ವರ್ಷಗಳು ಉರುಳುತ್ತವೆ. ಕೊಳ ಬತ್ತಿದೆ, ಜನರ ಸುಳಿವಿಲ್ಲ. ಅದೇ ಗುಂಡಿಯಿಂದ ಚೀನೀ ಉಡುಪು ತೊಟ್ಟು ನಮ್ಮ ನಾಯಕ ಮೇಲೆದ್ದು ಬರುತ್ತಾನೆ. ಹಿಂದೆಯೇ ಚೀನೀ ಹೆಂಡತಿ, ಮಕ್ಕಳು!

ತಾವು ಗಿಟ್ಟಿಸಿದ ಅತಿ ದೊಡ್ಡ ನಗು ಇದೇ ಎಂದು ಕೀಟನ್ ಹೇಳುತ್ತಿದ್ದರು. ಆದರೆ ಚಿತ್ರವೇ ಆರು ದಶಕಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿತ್ತು. 1987ರಲ್ಲಿ ತುಣುಕುಗಳನ್ನು ಕೂಡಿಸಿ ಮತ್ತೆ ಕಟ್ಟಿದಾಗಲೂ ಈ ಕೊನೆ ಸಿಕ್ಕಿರಲಿಲ್ಲ. ಅದು ಆಮೇಲೆ ರಷ್ಯಾದ ಸಂಗ್ರಹವೊಂದರ ಪ್ರತಿಯಲ್ಲಿ ದೊರೆಯಿತು. 1966ರಲ್ಲೇ ತೀರಿಕೊಂಡ ಕೀಟನ್ ಅದು ಮರಳಿ ಸಿಕ್ಕಿದ್ದನ್ನು ನೋಡಲಿಲ್ಲ.

ಈ ಕೊನೆಯನ್ನು ಓದಿ ತಿಳಿಯುವುದು ಬೇರೆ, ನೋಡುವುದೇ ಬೇರೆ. ಓದಿದಾಗ ಅದೊಂದು ಚತುರ ಕಲ್ಪನೆ. ನೋಡಿದಾಗ, ಖಾಲಿ ಕೊಳವನ್ನು ದಿಟ್ಟಿಸುತ್ತ ಒಂದು ಗಳಿಗೆ ಕಾಯಬೇಕು. ನಗು ಹುಟ್ಟುವುದು ಆ ಕಾಯುವಿಕೆಯಲ್ಲಿ. ಕೊನೆಯಿಲ್ಲದ ಪ್ರತಿಯಲ್ಲಿ ಉಳಿಯುವುದು ಸಾಯಹೊರಟವನು ಧುಮುಕಿ ಕಾಣೆಯಾದ ಗುಂಡಿ ಮಾತ್ರ. ಲೋಕ ಬೇಡವೆಂದವನನ್ನು ಅದೇ ಲೋಕ ತನ್ನ ಇನ್ನೊಂದು ಬದಿಗೆ ದಾಟಿಸಿ, ಸಂಸಾರ ಕೊಟ್ಟು ಕಳಿಸಿತೆಂಬುದು ತಿಳಿಯುವುದು ಆ ಕಡೆಯ ಚೂರಿನಿಂದಲೇ. ಅದಿಲ್ಲದೆ ‘ಹಾರ್ಡ್ ಲಕ್’ ಹಾಸ್ಯಚಿತ್ರವೇ ಅಲ್ಲ. ನೋಡುವುದಾದರೆ, ಕೊನೆಯಿರುವ ಪ್ರತಿಯನ್ನೇ ಹುಡುಕಿ ನೋಡಿ.