ಮೂಲೆಯಿಲ್ಲದ ಊಟದ ಮನೆ

ನಮ್ಮ ಕಡೆ ಮದುವೆಮನೆಯಿಂದ ಬಂದವರನ್ನು ‘ಊಟಕ್ಕೆ ಏನೇನಿತ್ತು?’ ಎಂದು ಕೇಳುವುದುಂಟು. ಆದರೆ ಹತ್ತು ವರ್ಷ ಕಳೆದ ಮೇಲೂ ಜನಕ್ಕೆ ನೆನಪಿರುವುದು ಏನು ಬಡಿಸಿದರು ಎಂಬುದಲ್ಲ, ಎಲ್ಲಿ ಕೂರಿಸಿದರು ಎಂಬುದು. ಯಾರಿಗೆ ಕಂಬದ ಮರೆಯಲ್ಲಿ ಎಲೆ ಹಾಕಿದರು, ಯಾರನ್ನು ಮೂರನೇ ಪಂಕ್ತಿಯವರೆಗೆ ಕಾಯಿಸಿದರು, ಇದೆಲ್ಲ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಈ ಮಾತು ಚೆನ್ನಾಗಿ ಗೊತ್ತು ಎಂದೇ ತಿಳಿದಿದ್ದೆ. ಸರಿಯಾಗಿ ಗೊತ್ತಾದದ್ದು ಮಾತ್ರ ಅಮೆರಿಕದ ಒಂದು ಬೆಟ್ಟದ ತಪ್ಪಲಿನ ಹೋಟೆಲಿನಲ್ಲಿ. ಅದೂ ದನದ ಮಾಂಸಕ್ಕೇ ಹೆಸರಾದ ಒಂದು ಊಟದ ಮನೆಯಲ್ಲಿ. ಸಸ್ಯಾಹಾರಿಯಾದ ನಾನು ಅಲ್ಲಿಗೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

2023ರ ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಬಾಸ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಮ್ಮವರು ತೋಟ ಬಿಟ್ಟು ಬರಲೊಲ್ಲದೆ ಊರಿನಲ್ಲೇ ಉಳಿದರು. ನಾನಿದ್ದಾಗಲೇ ಅಳಿಯಂದಿರ ಹುಟ್ಟುಹಬ್ಬ ಬಂತು. “ಅಮ್ಮ, ಒಂದು ರಾತ್ರಿ ಬೆಟ್ಟದ ಕಡೆ ಹೋಗಿ ಉಳಿಯೋಣ. ಬ್ರೆಟನ್ ವುಡ್ಸ್ ಅಂತ, ಮೂರು ಗಂಟೆ ದಾರಿ” ಎಂದಳು ಮಗಳು.

ಬ್ರೆಟನ್ ವುಡ್ಸ್! ಹುಳಿ ಕದಡುತ್ತಿದ್ದ ನಾನು ಸೌಟು ಹಿಡಿದುಕೊಂಡೇ ತಿರುಗಿ ನಿಂತೆ. ಸಮಾಜ ವಿಜ್ಞಾನದ ಟೀಚರಿಗೆ ಆ ಹೆಸರು ಗೊತ್ತಿಲ್ಲದೆ ಇರುತ್ತದೆಯೆ? ವಿಶ್ವಬ್ಯಾಂಕು, ಅಂತರರಾಷ್ಟ್ರೀಯ ಹಣಕಾಸು ನಿಧಿ ಎರಡಕ್ಕೂ ಬುನಾದಿ ಬಿದ್ದದ್ದು 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ. ಆ ಒಂದು ಅಂಕವನ್ನು ಕಣ್ಣಾರೆ ನೋಡುವ ಯೋಗ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಕಾರು ನ್ಯೂಹ್ಯಾಂಪ್‌ಶೈರ್ ದಾಟುತ್ತಿದ್ದಾಗ ದಾರಿಯ ಎರಡೂ ಕಡೆ ಮೇಪಲ್ ಮರಗಳು ಕುಂಕುಮ ಅರಿಸಿನ ಚೆಲ್ಲಿಕೊಂಡು ನಿಂತಿದ್ದವು. ನಾನು ಅದನ್ನು ನೋಡುತ್ತ ಮೈಮರೆತಿದ್ದಾಗ ಮಗಳು ಮೆಲ್ಲಗೆ ಮಾತು ತೆಗೆದಳು.

“ಅಮ್ಮ, ರಾತ್ರಿ ಊಟಕ್ಕೆ ಬುಕ್ ಮಾಡಿರೋದು ಸ್ಟೇಕ್‌ಹೌಸ್.”

“ಹಾಗಂದ್ರೆ?”

ಅವಳು ಗಂಡನ ಮುಖ ನೋಡಿದಳು. ಅವರು ರಸ್ತೆ ನೋಡಿದರು. ಕೊನೆಗೆ ಅವಳೇ “ದನದ್ದು” ಎಂದಳು. ಆಮೇಲೆ ಒಂದೇ ಉಸಿರಿನಲ್ಲಿ, “ನಿನಗೆ ಬೇಕಾದ್ದೂ ಸಿಗುತ್ತೆ. ಬೇಡ ಅಂದ್ರೆ ರೂಮಿಗೇ ಏನಾದ್ರೂ ತರಿಸೋಣ” ಎಂದು ಸೇರಿಸಿದಳು.

ನನ್ನ ಚೀಲದಲ್ಲಿ ಚಪಾತಿ, ಚಟ್ನಿಪುಡಿಯ ಡಬ್ಬಿ ಇತ್ತು. ರೂಮಿನಲ್ಲಿ ಕೂತು ಅದನ್ನೇ ತಿನ್ನುತ್ತೇನೆ ಎನ್ನಬಹುದಿತ್ತು. ಆದರೆ ಹುಟ್ಟುಹಬ್ಬದ ದಿನ ಅತ್ತೆಯೊಬ್ಬಳನ್ನು ರೂಮಿನಲ್ಲಿ ಬಿಟ್ಟು ಹೋದರೆ ಅವರಿಗೆ ತುತ್ತು ಇಳಿಯುತ್ತದೆಯೆ? “ಬರ್ತೀನಿ, ಅದಕ್ಕೇನು” ಎಂದೆ. ಹಟ್ಟಿಯಲ್ಲಿ ಕಟ್ಟಿದ ಹಸುವಿನ ಮುಖ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು.

ಮೌಂಟ್ ವಾಷಿಂಗ್ಟನ್ ಹೋಟೆಲು ದೂರದಿಂದಲೇ ಕಾಣುತ್ತದೆ. ಬಿಳಿಯ ಗೋಡೆ, ಕೆಂಪು ಚಾವಣಿ, ಹಿಂದೆ ಬೆಟ್ಟಗಳ ಸಾಲು. ಮೌಂಟ್ ವಾಷಿಂಗ್ಟನ್ ಶಿಖರದ ಎತ್ತರ 6,288 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಕೊಂಚ ಕಡಿಮೆಯೇ ಎಂದು ಅಳಿಯಂದಿರಿಗೆ ಹೇಳಿ ಹೆಮ್ಮೆಪಟ್ಟೆ. ಆದರೆ ಗಾಳಿಯಲ್ಲಿ ಅದನ್ನು ಮೀರಿಸುವಂತಿಲ್ಲ. 1934ರಲ್ಲಿ ಆ ಶಿಖರದ ಮೇಲೆ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದಿದ್ದಾರೆ. 1869ರಷ್ಟು ಹಿಂದೆಯೇ ಹಲ್ಲುಗಾಲಿಯ ರೈಲು ಈ ಬೆಟ್ಟ ಹತ್ತಿತ್ತು. ಹೋಟೆಲು ಕಟ್ಟಿಸಿದವನು ಜೋಸೆಫ್ ಸ್ಟಿಕ್ನಿ ಎಂಬ ಸಾಹುಕಾರ. 1902ರಲ್ಲಿ ಬಾಗಿಲು ತೆರೆಸಿ, ಮರುವರ್ಷವೇ ತೀರಿಕೊಂಡ. ಅಂಥ ಅರಮನೆ ಕಟ್ಟಿಸಿ ನೆಮ್ಮದಿಯಾಗಿ ಎಷ್ಟು ದಿನ ಉಂಡನೋ ಪಾಪ.

ಸಂಜೆ ಮಗಳು ಗೋಲ್ಡ್ ರೂಮ್ ತೋರಿಸಿದಳು. ಒಪ್ಪಂದಕ್ಕೆ ಸಹಿ ಬಿದ್ದ ಕೋಣೆ ಅದು. ಚಿಕ್ಕದು, ನಡುವೆ ಒಂದು ದುಂಡು ಮೇಜು. 1944ರ ಜುಲೈ 1ರಿಂದ 22ರವರೆಗೆ 44 ದೇಶಗಳ ಏಳುನೂರಕ್ಕೂ ಹೆಚ್ಚು ಪ್ರತಿನಿಧಿಗಳು ಈ ಹೋಟೆಲಿನಲ್ಲಿ ತಂಗಿದ್ದರು. ಭಾರತವೂ ಇತ್ತು. ನಮ್ಮ ನಿಯೋಗದ ಮುಖಂಡ ಮಾತ್ರ ಬ್ರಿಟಿಷರವನೇ, ಜೆರೆಮಿ ರೈಸ್‌ಮನ್. ಜೊತೆಯಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್ ಮೊದಲಾದವರು. ಯುದ್ಧದ ಖರ್ಚಿಗೆಂದು ಬ್ರಿಟನ್ನು ನಮ್ಮಿಂದ ಪಡೆದು ಬಾಕಿ ಉಳಿಸಿಕೊಂಡದ್ದು ನೂರಾರು ಕೋಟಿ ರೂಪಾಯಿ. ಹಿಂದಿನ ವರ್ಷ, 1943ರಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಿದ್ದರು. ಆ ಬಾಕಿಯ ವಿಷಯವನ್ನು ಇಲ್ಲಿ ತೀರ್ಮಾನಿಸಿ ಎಂದು ನಮ್ಮವರು ಕೇಳಿದರು. ಅದು ನೀವು ಬ್ರಿಟನ್ನಿನೊಡನೆ ಬೇರೆ ಕೂತು ಮಾತಾಡಿಕೊಳ್ಳಬೇಕಾದದ್ದು ಎಂದಾಯಿತು. ಪಂಕ್ತಿಗೆ ಕರೆದರು, ಮಾತನ್ನು ಮಾತ್ರ ಪಕ್ಕಕ್ಕೆ ಸರಿಸಿದರು. ಇಷ್ಟು ವರ್ಷ ಒಂದು ಅಂಕಕ್ಕೆ ಪಾಠ ಹೇಳುವಾಗ ಇದನ್ನು ಮಕ್ಕಳಿಗೆ ಹೇಳಿರಲೇ ಇಲ್ಲವಲ್ಲ ಎನಿಸಿತು.

ಅಲ್ಲಿಂದ ದೊಡ್ಡ ಊಟದ ಮನೆಯ ಬಾಗಿಲಲ್ಲಿ ನಿಂತು ಇಣುಕಿದೆವು. ಎಂಟು ಮುಖದ ಹಜಾರ. ಕೂತವರಲ್ಲಿ ಯಾರಿಗೂ ‘ನಮ್ಮನ್ನು ಮೂಲೆಗೆ ಹಾಕಿದರು’ ಎನ್ನಿಸಬಾರದೆಂದೇ ಹೀಗೆ ಕಟ್ಟಿದ್ದಂತೆ. ಎಂಥ ಚೆಂದದ ಬುದ್ಧಿ ಎಂದು ಮೆಚ್ಚಿಕೊಂಡೆ. ಆ ಕಾಲಕ್ಕೆ ಬಾಗಿಲೊಳಗೆ ಬರುವವರು ಸಾಹುಕಾರರು ಮಾತ್ರ ಎಂಬುದು ಬೇರೆ ಮಾತು.

ನಾವು ಹೋಗಬೇಕಾದ ಸ್ಟೇಕ್‌ಹೌಸ್ ಅದೇ ಹೋಟೆಲಿನ ಕೆಳಗಿನ ಅಂತಸ್ತಿನಲ್ಲಿತ್ತು. ಹೆಸರು ಕಟ್ಟಿಸಿದವನದೇ, ಸ್ಟಿಕ್ನೀಸ್. ಇಳಕಲ್ ಸೀರೆಯ ಮೇಲೆ ಮಗಳ ಕೋಟು ಹಾಕಿಕೊಂಡು ಇಳಿದೆ. ಮಂದ ಬೆಳಕು, ಗಾಜಿನ ಲೋಟಗಳು, ಸುಟ್ಟ ಕೊಬ್ಬಿನ ವಾಸನೆ. ಕೂರಿಸಲು ಬಂದ ಹುಡುಗಿ ನಡುವಿನ ಒಂದು ಮೇಜು ತೋರಿಸಿದಳು. ಅಳಿಯಂದಿರು ನನ್ನತ್ತ ಬಾಗಿ, ತೀರ ಅಕ್ಕರೆಯಿಂದ ಹೇಳಿದರು:

“ಅತ್ತೆ, ಆ ಮೂಲೆಯಲ್ಲಿ ಕೂರೋಣ. ನಿಮಗೆ ವಾಸನೆ ಬರಲ್ಲ.”

ನಾನು ನಿಂತಲ್ಲೇ ನಿಂತೆ. ಆ ಮಾತು ನನಗೆ ಗೊತ್ತಿತ್ತು. ನಾನೇ ಆಡಿದ ಮಾತು ಅದು.

1994 ಇರಬೇಕು. ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಆಗ ಹೈಸ್ಕೂಲಿನಲ್ಲಿ ಬಿಸಿಯೂಟ ಇರಲಿಲ್ಲ, ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು. ಊರಹಬ್ಬದ ಮಾರನೆಯ ದಿನ ಎಂಟನೇ ತರಗತಿಯ ಒಬ್ಬ ಹುಡುಗಿ ಬಾಡಿನ ಸಾರು, ಮುದ್ದೆ ತಂದಿದ್ದಳು. ಜಗಲಿಯ ಮೇಲೆ ಸುತ್ತ ಕೂತಿದ್ದ ಹುಡುಗಿಯರಲ್ಲಿ ಇಬ್ಬರು ಮೂಗು ಮುಚ್ಚಿಕೊಂಡು ನನ್ನ ಬಳಿ ಓಡಿ ಬಂದರು. ನಾನು ಬೈಯಲಿಲ್ಲ. ಗದರಲೂ ಇಲ್ಲ. ಅವಳ ತಲೆ ಸವರಿ, “ಆ ಮೂಲೇಲಿ ಕೂತು ಉಣ್ಣಮ್ಮ, ಬೇರೆಯವರಿಗೆ ವಾಸನೆ ಬರಲ್ಲ” ಎಂದೆ. ಎಷ್ಟು ಚೆನ್ನಾಗಿ ನಿಭಾಯಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅವಳು ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಮಾರನೆಯ ದಿನ ಬುತ್ತಿ ತರಲಿಲ್ಲ. “ಹಸಿವಿಲ್ಲ ಮೇಡಂ” ಎಂದಳು. ಆ ವರ್ಷವೆಲ್ಲ ಮಧ್ಯಾಹ್ನದ ಹೊತ್ತು ಬೋರ್‌ವೆಲ್ಲಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ನಾನು ನೋಡುತ್ತಿದ್ದೆ. ಕರೆಯಲಿಲ್ಲ. ಅವಳು ಹತ್ತನೇ ತರಗತಿ ಪಾಸಾಗಿ ಹೋದಳು, ನಾನು ಮರೆತೆ.

“ಮೂಲೆ ಬೇಡ. ಅವರು ಕೊಟ್ಟ ಜಾಗದಲ್ಲೇ ಕೂರೋಣ” ಎಂದೆ.

ಬಡಿಸಲು ಬಂದಾಕೆಗೆ ನನ್ನದೇ ವಯಸ್ಸಿರಬಹುದು. ಕೂದಲು ಪೂರ್ತಿ ನೆರೆತಿತ್ತು. ಮಾಂಸ, ಮೀನು, ಮೊಟ್ಟೆ ಯಾವುದೂ ಆಗದು ಎಂದು ನನ್ನ ವ್ಯಾಕರಣಬದ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಸೂಪಿನಲ್ಲಿ ಮಾಂಸದ ರಸ ಸೇರಿದೆ, ಅದು ಬೇಡ ಎಂದಳು. ಸುಟ್ಟ ಆಲೂಗಡ್ಡೆ, ಅಣಬೆ, ಶತಾವರಿಯ ಎಳೆ ದಂಟು ತರುವುದೆಂದಾಯಿತು. ಎಲ್ಲರಿಗೂ ಇಟ್ಟಂತೆ ನನ್ನ ಮುಂದೆಯೂ ಗರಗಸದಂಥ ಹಲ್ಲಿನ ಒಂದು ದೊಡ್ಡ ಚಾಕು ಇಟ್ಟಳು. ಆಲೂಗಡ್ಡೆಗೆ ಅಷ್ಟು ದೊಡ್ಡ ಆಯುಧವೇ ಎಂದು ನಗು ಬಂತು. ಆದರೂ ಇಟ್ಟದ್ದು ಹಿತವೆನಿಸಿತು.

ಅಳಿಯಂದಿರ ಸರದಿ ಬಂತು. “ನನಗೂ ಆಲೂಗಡ್ಡೆ, ಅಣಬೆ ಸಾಕು” ಎಂದರು. ಮಗಳು ಬರಿಯ ಸಾಲಡ್ ಹೇಳಿದಳು. ಮೂರು ಗಂಟೆ ಕಾರು ಓಡಿಸಿ, ಹುಟ್ಟುಹಬ್ಬಕ್ಕೆಂದು ಸ್ಟೇಕ್‌ಹೌಸಿಗೆ ಬಂದು ಆಲೂಗಡ್ಡೆ ತಿನ್ನುವ ಮನುಷ್ಯನ ಮುಖ ನೋಡಿದೆ. ನಾನು ಮೂಲೆಗೆ ಹೋಗಲಿಲ್ಲ, ನಿಜ. ಆದರೆ ಕೂತಲ್ಲಿಂದಲೇ ಇವರಿಬ್ಬರನ್ನು ಮೂಲೆಗೆ ಹಾಕಿದ್ದೆ.

“ನೋಡಿ, ನಿಮ್ಮ ಹುಟ್ಟುಹಬ್ಬ ಇದು. ನಿಮಗೆ ಬೇಕಾದ್ದು ತರಿಸಿಕೊಳ್ಳಿ. ನನ್ನೆದುರೇ ತಿನ್ನಿ” ಎಂದೆ.

“ಬೇಡ ಅತ್ತೆ...”

“ಬೇಕು.” ಕ್ಲಾಸಿನಲ್ಲಿ ಆಡುವ ದನಿಯಲ್ಲೇ ಅಂದಿರಬೇಕು, ಪಕ್ಕದ ಮೇಜಿನವರು ತಿರುಗಿದರು.

ಅವರು ಪಕ್ಕೆಲುಬಿನ ಭಾಗದ ರಿಬ್‌ಐ ಹೇಳಿದರು. ಎಷ್ಟು ಬೇಯಿಸಬೇಕೆಂದು ಆಕೆ ಕೇಳಿದಳು. ನಮ್ಮಲ್ಲಿ ದೋಸೆ ಮೆತ್ತಗಿರಲೋ ಗರಿಯಾಗಲೋ ಎಂದು ಕೇಳುವ ಹಾಗೆ, ಅಲ್ಲಿ ಒಳಗಿನ ಕೆಂಪು ಎಷ್ಟು ಉಳಿಯಬೇಕೆಂದು ಕೇಳುತ್ತಾರೆ. ತಟ್ಟೆ ಬಂತು. ಎರಡು ಬೆರಳು ದಪ್ಪದ ತುಂಡು, ಹೊರಗೆ ಕಪ್ಪು, ಕೊಯ್ದಲ್ಲಿ ಕೆಂಪು.

ನನಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ತೊಳಸಿದಂತಾಯಿತು. ಎರಡು ಸಲ ನೀರು ಕುಡಿದೆ. ಆಲೂಗಡ್ಡೆಯ ಮೇಲೆ ಕಣ್ಣಿಟ್ಟು ಉಂಡೆ. ನಡುವೆ ತಲೆ ಎತ್ತಿದಾಗ ಮಗಳು ಗಂಡನ ತಟ್ಟೆಯಿಂದ ಒಂದು ಚೂರು ತೆಗೆದುಕೊಂಡಿದ್ದಳು. ಫೋರ್ಕು ಬಾಯಿಯ ಹತ್ತಿರವಿತ್ತು. ನನ್ನನ್ನು ನೋಡಿ ಅಲ್ಲೇ ನಿಂತಿತು. ಹೊಸ ಅಭ್ಯಾಸವಲ್ಲ ಎಂದು ತಾಯಿಗೆ ತಿಳಿಯದೆ ಇರುತ್ತದೆಯೆ? ಎಷ್ಟು ವರ್ಷದಿಂದ ಫೋನಿನಲ್ಲಿ ‘ಊಟಕ್ಕೆ ಏನು ಮಾಡಿದೆ?’ ಎಂದರೆ ‘ಸಾರು ಅನ್ನ’ ಎಂದೇ ಹೇಳುತ್ತಿದ್ದಾಳೆ. ಅವಳೂ ಒಂದು ಬೋರ್‌ವೆಲ್ಲಿನ ಕಟ್ಟೆ ಹುಡುಕಿಕೊಂಡಿದ್ದಾಳೆ ಎನಿಸಿತು.

“ತಣ್ಣಗಾಗುತ್ತೆ, ತಿನ್ನೇ” ಎಂದೆ.

ಅವಳು ತಿಂದಳು. ಕಣ್ಣು ತುಂಬಿತ್ತು. ನಾನು ಅಣಬೆಯನ್ನು ಹೊಗಳತೊಡಗಿದೆ.

ರಾತ್ರಿ ರೂಮಿನಲ್ಲಿ ಚಪಾತಿಯ ಡಬ್ಬಿ ತೆಗೆದೆ. ಆಲೂಗಡ್ಡೆಯಲ್ಲಿ ಎಷ್ಟು ಹೊತ್ತು ಇರಲಾದೀತು! ಮಗಳು ಬಂದು ಪಕ್ಕದಲ್ಲಿ ಕೂತು, ಕೇಳದೆಯೇ ಒಂದು ಚಪಾತಿ ಎತ್ತಿಕೊಂಡಳು. ಬಹಳ ಹೊತ್ತು ಮಾತಾಡಿದೆವು. ಆ ಹುಡುಗಿಯ ಕಥೆಯನ್ನೂ ಹೇಳಿದೆ. “ಅವಳು ಈಗ ಎಲ್ಲಿದಾಳಮ್ಮ?” ಎಂದು ಕೇಳಿದಳು. ಗೊತ್ತಿಲ್ಲ. ನಲವತ್ತು ದಾಟಿರುತ್ತದೆ. ಮಕ್ಕಳ ಬುತ್ತಿಗೆ ಏನು ಕಟ್ಟುವಾಗ ಅವಳ ಕೈ ಹಿಂಜರಿಯುತ್ತದೋ ಎಂಬ ಯೋಚನೆ ಬಂದರೆ ಇವತ್ತಿಗೂ ಮನಸ್ಸು ಕುಗ್ಗುತ್ತದೆ.

ರಜೆ ಮುಗಿಸಿ ಶಾಲೆಗೆ ಬಂದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ. ಬೇಡವೆನ್ನುವವರಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿ. ಬಡಿಸಲು ಸುಲಭವೆಂದು ನಾನೇ ಎರಡು ಸಾಲು ಮಾಡಿಸಿದ್ದೆ. ಮೊಟ್ಟೆಯವರದೊಂದು, ಬಾಳೆಹಣ್ಣಿನವರದೊಂದು. ಎಷ್ಟು ಅಚ್ಚುಕಟ್ಟು ಎಂದು ಎಲ್ಲರೂ ಮೆಚ್ಚಿದ್ದರು.

“ಇವತ್ತಿನಿಂದ ಎರಡು ಸಾಲು ಬೇಡ” ಎಂದೆ. “ಯಾರ ಪಕ್ಕ ಯಾರು ಬೇಕಾದರೂ ಕೂತುಕೊಳ್ಳಿ.”

ಅಡುಗೆಯಾಕೆ, “ಮೇಡಂ, ಯಾರಿಗೆ ಯಾವುದು ಅಂತ ಗೊತ್ತಾಗೋದು ಹೆಂಗೆ?” ಎಂದಳು.

“ಕೇಳಿ ಬಡಿಸಿದರಾಯಿತು ಕಣಮ್ಮ” ಎಂದು, ಮೊಟ್ಟೆಯ ಬುಟ್ಟಿಯನ್ನು ಒಂದು ಕೈಯಲ್ಲಿ, ಬಾಳೆಹಣ್ಣಿನದನ್ನು ಇನ್ನೊಂದು ಕೈಯಲ್ಲಿ ಹಿಡಿದು ನಾನೇ ಹೊರಟೆ. ಸ್ವಲ್ಪ ನಿಧಾನವಾಗುತ್ತದೆ. ಆಗಲಿ.